ಮದಲ ಹೊರಗ ಕರಕೊಂಡು ಹೋಗ್ರಿ, ಆಮ್ಯಾಲೆ ಪೆನ್ಸಿಲ್ ಕೊಡ್ರಿ

ನಾಲ್ಕನೇತ್ತೆ ಹುಡುಗಗ 'ನಾ ಕಂಡ ಸಂತಿ' ಅಂತ ಪ್ರಬಂಧ ಬರಿ ಅಂದ್ರ ಗೈಡ್ ತಗದು ಇಳಿಸ್ಕೋತಾನ. ಸಂತೀನ ನೋಡಿಲ್ಲ, ಬರೀಲಿ ಎಲ್ಲಿಂದ? ಅಕ್ಷರ ಗುಂಡಗ ಇರತಾವ, ಮಾತು ಮಾತ್ರ ಯಾರದೋ.

ಹೊರಗ ಅಂದ್ರ ಊಟಿ, ಮೈಸೂರೇ ಆಗಬೇಕಂತಿಲ್ರಿ. ನಮ್ಮ ಧಾರವಾಡದಾಗ ಮಂಗಳವಾರ ಸಂತಿ ಅದ, ಕೆಲಗೇರಿ ಕೆರಿ ಅದ, ಸಾಧನಕೇರಿ ಅದ. ಎಳ್ಳ ಅಮಾಸಿಗೆ ಯಾರರೆ ಹೊಲಕ್ಕ ಚರಗ ಚೆಲ್ಲಲಿಕ್ಕೆ ಕರದ್ರ ಮಕ್ಕಳನ್ನ ಬಿಟ್ಟು ಹೋಗಬ್ಯಾಡ್ರಿ. ಎರಿ ಮಣ್ಣು, ಬದು, ಬಣವಿ, ತೆನಿ, ಸೀತನಿ ಎಲ್ಲಾ ಒಂದ ದಿನದಾಗ ಸಿಗತಾವ. ಕೂರಿಗಿ ಬಿತ್ತಲಿಕ್ಕೆ, ಕುಂಟಿ ಕಸ ತಗೀಲಿಕ್ಕೆ ಅಂತ ಕೈಯಿಂದ ಮುಟ್ಟಿ ತಿಳಕೊಂಡ ಹುಡುಗ ಆ ಶಬ್ದ ಮರಿಯೂದಿಲ್ಲ.

ಮನಿಗೆ ಬಂದ ಕೂಡ್ಲೆ 'ಬರಿ' ಅನಬ್ಯಾಡ್ರಿ. ಮದಲ ಮಾತಾಡಸ್ರಿ. ಅಜ್ಜಗ ಫೋನ್ ಹಚ್ಚಿ ಹೇಳ್ಸ್ರಿ. 'ಛಂದ ಇತ್ತು' ಅಂದ್ರ ಅಲ್ಲಿಗೇ ಬಿಡಬ್ಯಾಡ್ರಿ. ಏನ ಛಂದಿತ್ತು? ಯಾವ ವಾಸನಿ ಬಂತು? ಮೆಣಸಿನಕಾಯಿ ಮಾರಾಕಿ ಹೆಂಗ ಕೂಗಿದ್ಲು? ಮದಲ ಏನಾತು, ಆಮ್ಯಾಲೆ ಏನಾತು? ಬಾಯಾಗ ಸಾಲು ಜೋಡಿಸಿದ ಮ್ಯಾಲೆ ಐದೇ ಸಾಲು ಬರೀಲಿ, ಸಾಕು.

ಬರದದ್ದು ನೋಡೂ ಮುಂದ ಕೆಂಪು ಪೆನ್ನು ಬಾಜೂಕ ಇಡ್ರಿ. 'ತೆನಿ' ಅಂತ ಬರದ್ರ ಕಾಟು ಹೊಡೀಬ್ಯಾಡ್ರಿ. ಮನ್ಯಾಗ ತೆನಿ, ಪುಸ್ತಕದಾಗ ತೆನೆ, ಎರಡೂ ಗೊತ್ತಿರಲಿ ಅಂತ ತಿಳಿಸಿ ಹೇಳ್ರಿ. ಮನಿ ಮಾತು ಕೀಳು ಅಂತ ಒಮ್ಮೆ ಅನಿಸಿಬಿಟ್ರ ಹುಡುಗ ಬರಿಯೂದ ಬಿಡತಾನ, ಮತ್ತ ಗೈಡ್ ಕಡೆ ಓಡತಾನ. ಸಾಧನಕೇರಿ ಬೇಂದ್ರೆ ಅಜ್ಜಾವ್ರು ಇದೇ ಮಾತಿನ್ಯಾಗ ಕವಿತಾ ಕಟ್ಟಿದವ್ರು. 1973ರ ಜ್ಞಾನಪೀಠ ಅವರ 'ನಾಕುತಂತಿ'ಗೆ ಬಂತು. ಈ ಮಾತು ಬರವಣಿಗಿಗೆ ಆಗೂದಿಲ್ಲ ಅಂತ ಯಾರಂದ್ರು?

'ನಮ್ಮದು ಇಂಗ್ಲಿಷ್ ಮೀಡಿಯಂ, ಇದೆಲ್ಲಾ ಯಾಕ ಬೇಕ್ರಿ' ಅನ್ನೋರು ಇದ್ದಾರ. ಕಂಡದ್ದನ್ನ ಬಿಡಿಸಿ ಹೇಳಲಿಕ್ಕೆ ಒಂದು ಭಾಷಾದಾಗ ಬಂದ್ರ ಇನ್ನೊಂದರಾಗೂ ಬರತದ. ಹೇಳಲಿಕ್ಕೆ ಏನೂ ಇಲ್ಲದವಗ ಯಾವ ಭಾಷಾ ಕಲಿಸಿ ಏನು ಉಪಯೋಗ?

ಹೊತ್ತಿಲ್ಲ ಅಂತೀರೇನು? ಹೆಂಗಿದ್ರೂ ಕಾಯಿಪಲ್ಯ ತರಲಿಕ್ಕೆ ಹೋಗ್ತೀರಿ. ಸಾಲಿ ಬಿಟ್ಟ ಮ್ಯಾಲೆ ಹುಡುಗನ ಕೈಯಾಗ ಒಂದು ಚೀಲ ಕೊಟ್ಟು ಜೋಡಿ ಕರಕೊಂಡು ಹೋಗ್ರಿ. ರೇಟು ಅವನೇ ಕೇಳಲಿ, ನೀವು ನಡುವ ಬಾಯಿ ಹಾಕಬ್ಯಾಡ್ರಿ.