ಪರದೆಯೊಳಗೆ ಕೂತ ತೀರ್ಪುಗಾರ

ಮಕ್ಕಳೇ, ಸ್ಪರ್ಧೆಯ ಫಲಿತಾಂಶ ಬಂದ ಮೇಲೆ ನೀವು ಕೇಳುವ ಮೊದಲ ಪ್ರಶ್ನೆ ಯಾವುದು, ನಾನೇ ಹೇಳಲೇ? "ತೀರ್ಪುಗಾರರು ಯಾರಾಗಿದ್ರು?" ಬಹುಮಾನ ಬಂದರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಬರದಿದ್ದರೆ ಮಾತ್ರ ಹುಟ್ಟುತ್ತದೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಅವರಿಗೇನು ಹಾಡೋಕೆ ಬರುತ್ತಾ?"

ನಗಬೇಡಿ, ಎರಡನೆಯದು ಒಳ್ಳೆಯ ಪ್ರಶ್ನೆಯೇ. ತೀರ್ಪು ಕೊಡುವವರು ತಾವೂ ಒಂದು ಕಾಲಕ್ಕೆ ಹಾಡಿದವರೋ ನುಡಿಸಿದವರೋ ಆಗಿರಬೇಕಲ್ಲವೇ? ಆದರೆ ಹಾಗಿದ್ದರೆ ತಮ್ಮ ಹಳೆಯ ಗೆಳೆಯರ ಕಡೆಗೆ ವಾಲುವುದಿಲ್ಲವೇ? ಇಂಗ್ಲೆಂಡಿನ ಗಣಿ ಮತ್ತು ಗಿರಣಿ ಊರುಗಳ ವಾದ್ಯಗಾರರು ಈ ಎರಡು ಪ್ರಶ್ನೆಗೂ ಬಹಳ ಹಿಂದೆಯೇ ಒಂದು ಉಪಾಯ ಹುಡುಕಿದರು. ಈ ವಾರ ಅವರ ಕಥೆ.

ಮೊದಲು ಅವರ ವಾದ್ಯಗಳ ಪರಿಚಯವಾಗಲಿ. ಮೈಸೂರು ದಸರೆಯಲ್ಲಿ ಪೊಲೀಸ್ ಬ್ಯಾಂಡ್ ಕೇಳಿದ ಅಜ್ಜ ಅಜ್ಜಿಯರಿಗೆ ಥಳಥಳ ಹೊಳೆಯುವ ವಾದ್ಯಗಳ ಸಾಲು ನೆನಪಿದ್ದೀತು. ಅಲ್ಲಿ ಕ್ಲಾರಿನೆಟ್‌ನಂಥ ವಾದ್ಯಗಳೂ ಇರುತ್ತವೆ. ಇಂಗ್ಲೆಂಡಿನ 'ಬ್ರಾಸ್ ಬ್ಯಾಂಡ್'ನಲ್ಲಿ ಅವು ಇಲ್ಲ. ಊದುವ ವಾದ್ಯಗಳೆಲ್ಲ ಹಿತ್ತಾಳೆಯ ಕುಟುಂಬದವೇ, ಜೊತೆಗೆ ಡ್ರಮ್ಮಿನಂಥ ಬಡಿಯುವ ವಾದ್ಯಗಳು. ದೊಡ್ಡ ಸ್ಪರ್ಧೆಗಳಿಗೆ ಹೋಗುವ ಬ್ಯಾಂಡಿನಲ್ಲಿ ಊದುವವರೇ 25 ಮಂದಿ. ಅವರಲ್ಲಿ 10 ಮಂದಿ ಕಾರ್ನೆಟ್ ಹಿಡಿಯುತ್ತಾರೆ. ಕಾರ್ನೆಟ್ ಎಂದರೆ ಎರಡು ಅಂಗೈಯಲ್ಲಿ ಹಿಡಿಯಬಹುದಾದ ಚಿಕ್ಕ ಕಹಳೆ. ಇನ್ನೊಂದು ತುದಿಯಲ್ಲಿ ನಾಲ್ವರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಂತೆ ದೊಡ್ಡ ಟ್ಯೂಬಾ ಹಿಡಿದು ಕೂತಿರುತ್ತಾರೆ.

ಈ ಬ್ಯಾಂಡುಗಳು ಅರಮನೆಯಲ್ಲಿ ಹುಟ್ಟಿದವಲ್ಲ. 19ನೆಯ ಶತಮಾನದಲ್ಲಿ ಯಾರ್ಕ್‌ಶೈರ್, ಲ್ಯಾಂಕಾಶೈರ್ ಕಡೆಯ ಕಲ್ಲಿದ್ದಲು ಗಣಿಗಳಲ್ಲಿ, ಬಟ್ಟೆ ಗಿರಣಿಗಳಲ್ಲಿ ದುಡಿಯುವವರು ಸಂಜೆ ಕೈಕಾಲು ತೊಳೆದು ಬಂದು ನುಡಿಸುತ್ತಿದ್ದ ಬ್ಯಾಂಡುಗಳಿವು. ಕ್ವೀನ್ಸ್‌ಬರಿ ಎಂಬ ಊರಿನ ಉಣ್ಣೆ ಗಿರಣಿಯ ಹೆಸರು ಹೊತ್ತ ಬ್ಲ್ಯಾಕ್ ಡೈಕ್ ಬ್ಯಾಂಡ್ ಇಂದಿಗೂ ಲೋಕಪ್ರಸಿದ್ಧ. ಬ್ಯಾಂಡುಗಳಿದ್ದ ಮೇಲೆ "ನಮ್ಮೂರದು ಮೇಲೋ, ನಿಮ್ಮೂರದು ಮೇಲೋ" ಎಂಬ ಮಾತು ಬಂದೇ ಬರುತ್ತದೆ. 1853ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ ದೊಡ್ಡ ಸ್ಪರ್ಧೆ ನಡೆಯಿತು, ಮಾಸ್ಲಿ ಎಂಬ ಊರಿನ ಬ್ಯಾಂಡ್ ಗೆದ್ದಿತು. 1900ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ರಾಷ್ಟ್ರೀಯ ಸ್ಪರ್ಧೆ ಶುರುವಾಯಿತು. ಈಗ ಅದರ ಮೇಲ್ದರ್ಜೆಯ ಅಂತಿಮ ಸುತ್ತು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯುತ್ತದೆ.

ಇಂಥ ಸ್ಪರ್ಧೆಯಲ್ಲಿ ಎಲ್ಲ ಬ್ಯಾಂಡೂ ಒಂದೇ ಕೃತಿಯನ್ನು ನುಡಿಸಬೇಕು. ನಿಮಗೆಲ್ಲ ಒಂದೇ ಪ್ರಶ್ನೆಪತ್ರಿಕೆ ಕೊಟ್ಟಂತೆ. ಮೊದಮೊದಲು ಪ್ರಸಿದ್ಧ ಒಪೆರಾಗಳಿಂದ ಆಯ್ದ ಭಾಗಗಳನ್ನು ಬ್ಯಾಂಡಿಗೆ ಹೊಂದಿಸಿ ಕೊಡುತ್ತಿದ್ದರು. 1913ರಲ್ಲಿ ಪರ್ಸಿ ಫ್ಲೆಚರ್ ಎಂಬ ಸಂಗೀತಗಾರ ಬ್ರಾಸ್ ಬ್ಯಾಂಡಿಗಾಗಿಯೇ ಒಂದು ಕೃತಿ ಬರೆದುಕೊಟ್ಟರು. ಅದರ ಹೆಸರು 'ಲೇಬರ್ ಅಂಡ್ ಲವ್', ಅಂದರೆ ದುಡಿಮೆ ಮತ್ತು ಪ್ರೀತಿ. ದುಡಿಯುವವರ ಬ್ಯಾಂಡಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕೇ? 1930ರಲ್ಲಿ ಇಂಗ್ಲೆಂಡಿನ ಮಹಾ ಸಂಗೀತಗಾರ ಎಲ್ಗರ್ ಕೂಡ ಈ ಸ್ಪರ್ಧೆಗಾಗಿ ಒಂದು ಕೃತಿ ರಚಿಸಿದರು.

ಇನ್ನು ತೀರ್ಪುಗಾರರ ಮಾತಿಗೆ ಬರೋಣ. ಹಿಂದಿನ ಕಾಲದಲ್ಲಿ ಸೇನೆಯ ಬ್ಯಾಂಡ್ ಮಾಸ್ಟರುಗಳನ್ನು ಕರೆಸಿ ತೀರ್ಪು ಹೇಳಿಸುವುದು ಸಾಮಾನ್ಯವಾಗಿತ್ತು. ಬರಬರುತ್ತಾ ಬ್ಯಾಂಡಿನೊಳಗೇ ಬೆಳೆದವರು ಆ ಕುರ್ಚಿಗೆ ಬಂದರು. ಆದರೆ ಆ ಕುರ್ಚಿಗೆ ದಾರಿ ಉದ್ದ.

ಒಂಬತ್ತು ವರ್ಷದ ಹುಡುಗಿಯೊಬ್ಬಳು ಊರಿನ ಮಕ್ಕಳ ಬ್ಯಾಂಡಿಗೆ ಸೇರುತ್ತಾಳೆ ಎಂದುಕೊಳ್ಳಿ. ಬ್ಯಾಂಡಿನವರು ಅವಳಿಗೊಂದು ಹಳೆಯ ಕಾರ್ನೆಟ್ ಎರವಲು ಕೊಡುತ್ತಾರೆ. ಅವಳ ಜಾಗ ಹಿಂದಿನ ಸಾಲಿನಲ್ಲಿ, ಮೂರನೆಯ ಕಾರ್ನೆಟ್. ಅಲ್ಲಿ ರಾಗ ಸಿಗುವುದೇ ಅಪರೂಪ, ಹೆಚ್ಚಾಗಿ "ಪಂ ಪಂ" ಎನ್ನುತ್ತಾ ಉಳಿದವರಿಗೆ ಆಸರೆಯಾಗಿರಬೇಕು. ವರ್ಷ ಕಳೆದಂತೆ ಎರಡನೆಯ ಕಾರ್ನೆಟ್, ಆಮೇಲೆ ಮುಂದಿನ ಸಾಲು. ಬ್ರಾಸ್ ಬ್ಯಾಂಡಿನಲ್ಲಿ ಒಂದು ಅನುಕೂಲವಿದೆ. ಟ್ರಾಂಬೋನ್ ಬಿಟ್ಟರೆ ಊದುವ ವಾದ್ಯಗಳಲ್ಲೆಲ್ಲ ಬೆರಳಾಡಿಸುವ ಕ್ರಮ ಒಂದೇ ಬಗೆಯದು, ಸ್ವರ ಬರೆಯುವ ರೀತಿಯೂ ಒಂದೇ. ಹಾಗಾಗಿ ಕಾರ್ನೆಟ್ ಕಲಿತವರು ಬೇಕಾದರೆ ಹಾರ್ನ್ ಹಿಡಿಯಬಹುದು, ಯೂಫೋನಿಯಂ ಹಿಡಿಯಬಹುದು, ಟ್ಯೂಬಾದವರು ಸಾಲದಿದ್ದರೆ ಅಲ್ಲಿಗೂ ಹೋಗಬಹುದು. ಇಪ್ಪತ್ತು ಮೂವತ್ತು ವರ್ಷ ಹೀಗೆ ಜಾಗ ಬದಲಿಸುತ್ತಾ ಕೂತವರಿಗೆ ಪ್ರತಿಯೊಂದು ಕುರ್ಚಿಯ ಕಷ್ಟವೂ ಗೊತ್ತಾಗುತ್ತದೆ. ಆಮೇಲೆ ಅವರಲ್ಲಿ ಕೆಲವರು ಕೋಲು ಹಿಡಿದು ಬ್ಯಾಂಡ್ ನಡೆಸುತ್ತಾರೆ. ಅವರಲ್ಲೂ ಕೆಲವರು ತೀರ್ಪುಗಾರರಾಗುತ್ತಾರೆ.

ನಿಜವಾಗಿ ಬದುಕಿದ್ದವರ ಉದಾಹರಣೆ ಬೇಕೇ? ಎರಿಕ್ ಬಾಲ್ (1903-1989) ಎಂಬವರು ಸಾಲ್ವೇಷನ್ ಆರ್ಮಿಯ ಬ್ಯಾಂಡುಗಳಲ್ಲಿ ಬೆಳೆದರು. 1946ರಲ್ಲಿ ಬ್ರಿಗ್‌ಹೌಸ್ ಅಂಡ್ ರಾಸ್ಟ್ರಿಕ್ ಎಂಬ ಬ್ಯಾಂಡನ್ನು ನಡೆಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ಅವರ 'ರೆಸರ್ಗಮ್' ಎಂಬ ಕೃತಿಯನ್ನು 1950ರಲ್ಲಿ ಬೆಲ್ ವ್ಯೂ ಸ್ಪರ್ಧೆಗೆ ಇಟ್ಟರು. ಮುಂದೆ ತೀರ್ಪುಗಾರರಾಗಿಯೂ ಕೂತರು. ನಿಮ್ಮ ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಪರೀಕ್ಷೆ ಬರೆದವರು, ಪಾಠ ಹೇಳಿದವರು, ಪ್ರಶ್ನೆಪತ್ರಿಕೆ ತಯಾರಿಸಿದವರು, ಉತ್ತರಪತ್ರಿಕೆ ತಿದ್ದಿದವರು, ನಾಲ್ವರೂ ಅವರೇ! ರಾಯ್ ನ್ಯೂಸಮ್ ಎಂಬ ಇನ್ನೊಬ್ಬರು ಬ್ಲ್ಯಾಕ್ ಡೈಕ್ ಬ್ಯಾಂಡ್ ನಡೆಸಿದವರು. ಅವರೂ ತೀರ್ಪುಗಾರರಾದರು, ಸಾಲದೆಂಬಂತೆ ಹಳೆಯ ಬ್ಯಾಂಡುಗಳ ಇತಿಹಾಸ ಬರೆದು ಡಾಕ್ಟರೇಟ್ ಕೂಡ ಪಡೆದರು.

ಇಲ್ಲಿಗೆ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತು: ಹೌದು, ಅವರಿಗೆ ನುಡಿಸಲು ಬರುತ್ತದೆ. ಹಾಗಾದರೆ ಗೆಳೆಯರ ಕಡೆಗೆ ವಾಲುವ ಮಾತೇನು?

ಅದಕ್ಕೇ ಪರದೆ. ಸಭಾಂಗಣದಲ್ಲಿ ಪ್ರೇಕ್ಷಕರ ನಡುವೆ ನಾಲ್ಕೂ ಕಡೆ ಬಟ್ಟೆ ಕಟ್ಟಿದ ಒಂದು ಪುಟ್ಟ ಡೇರೆ. ಮೊದಲ ಬ್ಯಾಂಡ್ ವೇದಿಕೆ ಹತ್ತುವ ಮೊದಲೇ ತೀರ್ಪುಗಾರರು ಒಳಗೆ ಸೇರಿಬಿಡಬೇಕು. ಯಾವ ಬ್ಯಾಂಡ್ ಎಷ್ಟನೆಯದಾಗಿ ನುಡಿಸಬೇಕೆಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಆ ಪಟ್ಟಿ ತೀರ್ಪುಗಾರರಿಗೆ ತಿಳಿಯಬಾರದು. ಅವರ ಕಿವಿಗೆ ಬೀಳುವುದು "ಬ್ಯಾಂಡ್ ಸಂಖ್ಯೆ ಏಳು" ಎಂಬಷ್ಟೇ. ಒಳಗಿನಿಂದ ಸೀಟಿ ಕೇಳಿಸಿತೆಂದರೆ ಶುರು ಮಾಡಬಹುದು ಎಂದರ್ಥ. ಆಮೇಲೆ ನೋಡುವುದಕ್ಕೆ ಏನೂ ಇಲ್ಲ. ಹದಿನೈದು ನಿಮಿಷದ ಕೃತಿ, ಇಪ್ಪತ್ತು ಬ್ಯಾಂಡ್ ಎಂದು ಲೆಕ್ಕ ಹಾಕಿ ನೋಡಿ. ಬಟ್ಟೆಯ ಗೋಡೆ ನೋಡುತ್ತಾ ಅದೇ ಸಂಗೀತವನ್ನು ಐದು ಗಂಟೆ ಕೇಳಬೇಕು. ಇಪ್ಪತ್ತನೆಯವರಿಗೂ ಮೊದಲನೆಯವರಿಗೆ ಕೊಟ್ಟಷ್ಟೇ ಹೊಸ ಕಿವಿ ಕೊಡಬೇಕು.

ಉತ್ತರ ಇಂಗ್ಲೆಂಡಿನ ಸ್ಯಾಡಲ್‌ವರ್ತ್ ಕಡೆಯ ಹಳ್ಳಿಗಳಲ್ಲಿ ಇನ್ನೂ ಸೊಗಸಾದ ಪದ್ಧತಿಯಿದೆ. ಅಲ್ಲಿ 'ವಿಟ್ ಫ್ರೈಡೇ' ಎಂಬ ಶುಕ್ರವಾರ ಬ್ಯಾಂಡುಗಳು ಬಸ್ಸಿನಲ್ಲಿ ಊರಿಂದೂರಿಗೆ ಧಾವಿಸುತ್ತವೆ. ಪ್ರತಿ ಊರಿನ ಬೀದಿಯಲ್ಲಿ ನುಡಿಸುತ್ತಾ ನಡೆದು, ಒಂದು ಕಡೆ ನಿಂತು ಸ್ಪರ್ಧೆಗೆ ನುಡಿಸಿ, ಮತ್ತೆ ಬಸ್ ಹತ್ತಿ ಮುಂದಿನ ಊರಿಗೆ. 1884ರಿಂದ ಬಂದ ಹಬ್ಬವಿದು. ಬೀದಿಯಲ್ಲಿ ಡೇರೆ ಎಲ್ಲಿ ಕಟ್ಟುವುದು? ಹಾಗಾಗಿ ತೀರ್ಪುಗಾರರನ್ನು ಕಿಟಕಿ ಮುಚ್ಚಿದ ಗಾಡಿಯಲ್ಲೋ ಯಾರದೋ ಮನೆಯ ಮಹಡಿಯ ಕೋಣೆಯಲ್ಲೋ ಕೂರಿಸುತ್ತಾರೆ. ಊರಿಗೆ ಊರೇ ಬೀದಿಗಿಳಿದು ಕುಣಿಯುವಾಗ ಹಬ್ಬ ಕಾಣದವರು ಅವರೊಬ್ಬರೇ!

ನಾನೂ ಶಾಲೆಗಳ ಹಾಡಿನ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂತವನು. ಮಗು ಬಾಯಿ ತೆರೆಯುವ ಮೊದಲೇ ನಮ್ಮ ಕಣ್ಣು ಕೆಲಸ ಶುರು ಮಾಡಿರುತ್ತದೆ. ಜರಿಯಂಚಿನ ಲಂಗ, ಹೊಸ ಬೂಟು, ಮೊದಲ ಸಾಲಿನಲ್ಲಿ ಕೂತು ಕೈಮುಗಿದ ಅಪ್ಪ, ಎಲ್ಲವೂ ಕಿವಿಯ ದಾರಿಗೆ ಅಡ್ಡ ಬರುತ್ತವೆ. ಅಡ್ಡ ಬಂದದ್ದು ನಮಗೇ ಗೊತ್ತಾಗದು. ಹಾಗಾಗಿ ಆ ಡೇರೆಯ ಸುದ್ದಿ ಓದಿದಾಗ ನನಗೆ ಅದು ಶಿಕ್ಷೆ ಎನಿಸಲಿಲ್ಲ, ವರ ಎನಿಸಿತು.

ಆದರೆ ಪರದೆ ಎಲ್ಲವನ್ನೂ ಮುಚ್ಚಲಾರದು. ಅಮ್ಮನ ಹೆಜ್ಜೆಯ ಸಪ್ಪಳ ಕಣ್ಣು ಮುಚ್ಚಿದರೂ ನಿಮಗೆ ಗೊತ್ತಾಗುವುದಿಲ್ಲವೇ? ತಾನು ಇಪ್ಪತ್ತು ವರ್ಷ ಕೂತಿದ್ದ ಬ್ಯಾಂಡಿನ ನಾದವೂ ಹಾಗೆಯೇ. "ಇದು ನಮ್ಮವರದ್ದೇ ಇರಬೇಕು" ಎಂಬ ಗುಮಾನಿ ಬಂದೇ ಬರುತ್ತದೆ. ಅಂಥ ಗಳಿಗೆಯಲ್ಲಿ ಕಾಪಾಡುವುದು ಬಟ್ಟೆಯ ಗೋಡೆಯಲ್ಲ, ಅವರವರ ಮನಸ್ಸಾಕ್ಷಿ. ಹಾಗಾದರೆ ಪರದೆ ಯಾಕೆ ಬೇಕು, ತೀರ್ಪುಗಾರರನ್ನು ನಂಬಿ ಹೊರಗೇ ಕೂರಿಸಿ ಎಂದು ವಾದಿಸುವವರೂ ಅಲ್ಲಿದ್ದಾರೆ. ನಾನಂತೂ ಪರದೆಯ ಪಕ್ಷ. ಯಾಕೆಂದು ಕೇಳಿ.

ಯಾರ್ಕ್‌ಶೈರಿನಲ್ಲಿ ಗ್ರೈಮ್‌ಥಾರ್ಪ್ ಎಂಬ ಕಲ್ಲಿದ್ದಲು ಗಣಿಯ ಊರಿದೆ. ಅಲ್ಲಿನ ಬ್ಯಾಂಡ್ ಬಹಳ ಹೆಸರಾದದ್ದು. 1992ರ ಅಕ್ಟೋಬರ್‌ನಲ್ಲಿ ಬ್ರಿಟನ್ ಸರ್ಕಾರ 31 ಗಣಿಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಸುಮಾರು 30,000 ಜನರ ಕೆಲಸ ಹೋಗುವ ಸುದ್ದಿ ಅದು. ಪಟ್ಟಿಯಲ್ಲಿ ಗ್ರೈಮ್‌ಥಾರ್ಪ್ ಗಣಿಯೂ ಇತ್ತು. ದೇಶದ ತುಂಬ ಗಣಿಯವರಿಗಾಗಿ ಜನ ಮರುಗುತ್ತಿದ್ದರು. ಕೆಲವೇ ದಿನಗಳಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಷ್ಟ್ರೀಯ ಸ್ಪರ್ಧೆ. ಗ್ರೈಮ್‌ಥಾರ್ಪ್ ಬ್ಯಾಂಡ್ ಹೋಯಿತು, ನುಡಿಸಿತು, ಗೆದ್ದಿತು!

ಈಗ ಯೋಚಿಸಿ. ತೀರ್ಪುಗಾರರು ಎದುರಿಗೇ ಕೂತು ನೋಡುತ್ತಿದ್ದರೆ ಜನ ಏನೆನ್ನುತ್ತಿದ್ದರು? "ಪಾಪ, ಕೆಲಸ ಕಳೆದುಕೊಳ್ಳುವವರು, ಕನಿಕರಪಟ್ಟು ಕೊಟ್ಟರು" ಎನ್ನುತ್ತಿದ್ದರು. ಅವರ ಕಪ್ಪಿಗೆ ಆ ಒಂದು ಕಲೆ ಹಾಗೇ ಉಳಿಯುತ್ತಿತ್ತು. ಆದರೆ ಡೇರೆಯೊಳಗೆ ಹೋದದ್ದು ಒಂದು ಸಂಖ್ಯೆ ಮತ್ತು ಅವರ ಸಂಗೀತ, ಅಷ್ಟೇ. ಗೆಲುವು ಪೂರ್ತಿಯಾಗಿ ಅವರದೇ ಆಯಿತು. ಮರುವರ್ಷ ಗಣಿ ಮುಚ್ಚಿತು. ಬ್ಯಾಂಡ್ ಮುಚ್ಚಲಿಲ್ಲ, ಇಂದಿಗೂ ನುಡಿಸುತ್ತಿದೆ. ಈ ಬ್ಯಾಂಡಿನ ಕಥೆಯಿಂದ ಪ್ರೇರಣೆ ಪಡೆದು 1996ರಲ್ಲಿ 'ಬ್ರಾಸ್ಡ್ ಆಫ್' ಎಂಬ ಚಲನಚಿತ್ರವೂ ಬಂದಿತು.

ಡೇರೆಯೊಳಗಿನ ಇನ್ನೊಂದು ಕೆಲಸ ಹೇಳುವುದು ಬಾಕಿಯಿದೆ. ತೀರ್ಪುಗಾರರು ಅಂಕವನ್ನಷ್ಟೇ ಕೊಟ್ಟು ಏಳುವಂತಿಲ್ಲ. ಸಂಗೀತ ಸಾಗುತ್ತಿದ್ದಂತೆಯೇ ಪ್ರತಿ ಬ್ಯಾಂಡಿಗೂ ಟಿಪ್ಪಣಿ ಬರೆಯಬೇಕು. ಮೊದಲ ಸ್ವರ ಎಲ್ಲರೂ ಒಟ್ಟಿಗೆ ಹಿಡಿದರೇ, ಶ್ರುತಿ ಸೇರಿತೇ, ಮೆಲ್ಲಗಿನ ಭಾಗದಲ್ಲಿ ನಾದ ನಡುಗಿತೇ, ಕೊನೆಗೆ ತುಟಿ ಸೋತಿತೇ, ಎಲ್ಲವನ್ನೂ. ಗಟ್ಟಿಯಾಗಿ ಊದುವುದಕ್ಕಿಂತ ಮೆಲ್ಲಗೆ ಊದುವುದೇ ಕಷ್ಟ ಎಂಬುದು ಊದಿದವರಿಗೆ ಗೊತ್ತು. ಹೆದರಿಕೆಗೆ ಬಾಯಿ ಒಣಗಿದಾಗ ಸ್ವರ ಒಡೆಯುತ್ತದೆ ಎಂಬುದೂ ಗೊತ್ತು. ಒಡೆದ ಸ್ವರಕ್ಕೆ ಅಂಕ ಕಳೆಯಲೇಬೇಕು. ಆದರೆ ಆ ಬಾಯಾರಿಕೆಯನ್ನು ತಾನೂ ಉಂಡವರು ಬರೆಯುವ ಸಾಲಿನಲ್ಲಿ ಚುಚ್ಚು ಇರಬೇಕಾಗಿಲ್ಲ. ಕಪ್ಪು ಸಿಗುವುದು ಒಂದೇ ಬ್ಯಾಂಡಿಗೆ. ಟಿಪ್ಪಣಿಯ ಹಾಳೆ ಮಾತ್ರ ಕೊನೆಯ ಸ್ಥಾನದವರಿಗೂ ಸಿಗುತ್ತದೆ, ಮುಂದಿನ ವರ್ಷದ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ.

ಈ ಭಾನುವಾರಕ್ಕೆ ಒಂದು ಆಟ ಕೊಡುತ್ತೇನೆ. ಮನೆಯ ಮಕ್ಕಳೆಲ್ಲ, ಅಕ್ಕಪಕ್ಕದವರೂ ಸೇರಿ, ಒಂದೇ ಹಾಡು ಆರಿಸಿಕೊಳ್ಳಿ. ಚೀಟಿ ಎತ್ತಿ ಸರದಿ ಗೊತ್ತುಮಾಡಿ. ಅಜ್ಜ ಅಥವಾ ಅಜ್ಜಿ ಬಾಗಿಲಿಗೊಂದು ಹಳೆಯ ಸೀರೆ ಕಟ್ಟಿಕೊಂಡು ಒಳಕೋಣೆಯಲ್ಲಿ ಕೂರಲಿ, ಕೈಯಲ್ಲಿ ಪೆನ್ನು ಕಾಗದವಿರಲಿ. ಬರೀ ಸಂಖ್ಯೆ ಕೂಗಿ, ಹಾಡಿ. ದನಿಯಿಂದ ಯಾರೆಂದು ಗುರುತು ಸಿಕ್ಕರೂ ಅಜ್ಜಿ ಬಾಯಿ ಬಿಡುವಂತಿಲ್ಲ! ಒಬ್ಬೊಬ್ಬರಿಗೂ ಎರಡೇ ಸಾಲು ಬರೆಯಬೇಕು: ಯಾವುದು ಚೆನ್ನಾಗಿ ಬಂತು, ಯಾವುದನ್ನು ನಾಳೆ ಇನ್ನೊಮ್ಮೆ ಹಾಡಿ ನೋಡಬೇಕು. ಆಮೇಲೆ ಮಕ್ಕಳು ಪರದೆಯೊಳಗೆ, ಅಜ್ಜ ಅಜ್ಜಿಯರು ಹೊರಗೆ. ಅವರಿಗೂ ಎರಡು ಸಾಲು ಬರೆಯಿರಿ, ಮುಲಾಜು ಬೇಡ. ಬರೆದ ಚೀಟಿಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿಡಿ. ಮುಂದಿನ ಬೇಸಿಗೆ ರಜೆಯಲ್ಲಿ ತೆಗೆದು ಓದಿ, ಅದೇ ಹಾಡನ್ನು ಮತ್ತೆ ಹಾಡಿ.