ಸಾಕ್ಷಿ ಹೇಳುವ ದಿನ

‘ಇಂಥವರನ್ನು ನಡುಬೀದಿಯಲ್ಲಿ ನೇಣಿಗೆ ಹಾಕಬೇಕು’ ಎಂಬ ಮಾತಿಲ್ಲದೆ ಈಗ ಯಾವ ಕೊಲೆ, ಅತ್ಯಾಚಾರದ ಸುದ್ದಿಯೂ ಮುಗಿಯುವುದಿಲ್ಲ. ಓದುಗರ ಪತ್ರಗಳಲ್ಲೂ ಅದೇ ದನಿ: ಜೀವಾವಧಿ ಅಂದರೆ ಹದಿನಾಲ್ಕು ವರ್ಷವಂತೆ, ಆಮೇಲೆ ಸನ್ನಡತೆ ಅಂತ ಬಿಟ್ಟುಬಿಡುತ್ತಾರಂತೆ, ಅಲ್ಲಿಯವರೆಗೆ ನಮ್ಮ ತೆರಿಗೆ ದುಡ್ಡಿನಲ್ಲಿ ಊಟವಂತೆ. ಕಾನೂನು ಹಾಗೆ ಹೇಳುವುದಿಲ್ಲ. ಜೀವಾವಧಿ ಎಂದರೆ ಉಸಿರಿರುವ ತನಕ. ಕೊಲೆಯಂಥ ಅಪರಾಧಗಳಲ್ಲಿ ಹದಿನಾಲ್ಕು ವರ್ಷ ತುಂಬುವ ಮುಂಚೆ ಬಿಡುವಂತಿಲ್ಲ ಎಂಬುದಷ್ಟೇ ನಿಯಮ. ದಿವಾನ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳನ್ನು ಬೆಂಗಳೂರಿನಲ್ಲಿ ಕೊಂದು ಅವರದೇ ಮನೆಯ ಆವರಣದಲ್ಲಿ ಹೂತ ಪ್ರಕರಣದಲ್ಲಿ, 2008ರಲ್ಲಿ ಸುಪ್ರೀಂ ಕೋರ್ಟ್ ನೇಣನ್ನು ತಪ್ಪಿಸಿತು ನಿಜ, ಆದರೆ ಸಾಯುವ ತನಕ ಬಿಡುಗಡೆಯೇ ಇಲ್ಲದ ಸೆರೆ ವಿಧಿಸಿತು.

ಹಾಗೆಂದು ಜನರ ಸಿಟ್ಟು ಬರೀ ತಿಳಿಗೇಡಿತನವಲ್ಲ. 2022ರ ಆಗಸ್ಟ್ 15ರಂದು ಗುಜರಾತ್‌ನಲ್ಲಿ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಗಾಗಿ ಜೀವಾವಧಿ ಅನುಭವಿಸುತ್ತಿದ್ದ 11 ಮಂದಿಯನ್ನು ಸರ್ಕಾರ ಬಿಟ್ಟಾಗ, ಹೊರಗೆ ಅವರಿಗೆ ಹಾರ ಹಾಕಿ ಸಿಹಿ ತಿನ್ನಿಸಿದರು. ಅವರು ಜೈಲಿಗೆ ಮರಳಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜನವರಿಯಲ್ಲಿ. ಅದಕ್ಕೂ ಮುಂಚೆ, 2019ರ ಡಿಸೆಂಬರ್‌ನಲ್ಲಿ, ಹೈದರಾಬಾದ್ ಬಳಿ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ ಹೂಮಳೆಯಾದದ್ದು ಪೊಲೀಸರ ಮೇಲೆ. ಕೊಲ್ಲಬೇಕೆಂದೇ ಗುಂಡು ಹಾರಿಸಿದರು, ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದು ಸಿರ್ಪುರ್ಕರ್ ಆಯೋಗ 2022ರಲ್ಲಿ ವರದಿ ಕೊಟ್ಟಿತು. ಆ ವರದಿಯನ್ನು ಎಷ್ಟು ಮಂದಿ ಓದಿದರೋ! 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಕೂಸಿನ ಕೊಲೆಯಾಗಿ, ಅದೇ ದಿನ ಆರೋಪಿ ಗುಂಡಿಗೆ ಬಲಿಯಾದಾಗಲೂ ‘ನ್ಯಾಯ ಸಿಕ್ಕಿತು’ ಎಂದೇ ಕೇಳಿಬಂತು. ಆ ಮಗುವಿನ ತಾಯಿಯ ಮುಂದೆ ನಿಂತು ವಾದ ಮಾಡುವ ಧೈರ್ಯ ನನಗೂ ಇಲ್ಲ.

ನನ್ನ ತಕರಾರು ಇರುವುದು ಈ ಸಿಟ್ಟು ಹೊರಡುವ ಹೊತ್ತಿನ ಬಗ್ಗೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಮಂತ್ರಿಗಳು ಬಂದರು, ಪರಿಹಾರ ಬಂತು, ರಾಜ್ಯವಿಡೀ ಮೆರವಣಿಗೆಗಳಾದವು. ವಿಚಾರಣೆ ಶುರುವಾಗುವ ಹೊತ್ತಿಗೆ ಮೆರವಣಿಗೆಯವರೆಲ್ಲ ಮನೆ ಸೇರಿದ್ದರು. ಕಟಕಟೆ ಹತ್ತಿದ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಿರುಗಿಬಿದ್ದರು. ತಿರುಗಿಬೀಳದೆ ಏನು ಮಾಡಿಯಾರು? ನಾಳೆ ಕೂಲಿಗೆ ಹೋಗಬೇಕಾದದ್ದು, ನೀರು ತರಬೇಕಾದದ್ದು ಅದೇ ಊರಿನಲ್ಲಿ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣಗಳಿಗೆ ಒಂದು ದಿನದ ಶಿಕ್ಷೆಯೂ ಇಲ್ಲ. ಇಲ್ಲಿ ನ್ಯಾಯಾಧೀಶರ ಮೃದುತ್ವವನ್ನು ಬಯ್ಯುವುದು ಹೇಗೆ? ಶಿಕ್ಷೆ ಎಷ್ಟು ಎಂಬ ಪ್ರಶ್ನೆ ಅವರ ಮೇಜಿನವರೆಗೆ ಬರಲೇ ಇಲ್ಲ.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಕೇರಿಗೆ ಬೆಂಕಿ ಬಿದ್ದಿತ್ತು. ಅಲ್ಲಿ ಬೇರೆಯೇ ಆಯಿತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ವಿಧಿಸಿತು. ಅದು ದೇಶದಾದ್ಯಂತ ಸುದ್ದಿಯಾಯಿತು. ಮುಂದಿನ ತಿಂಗಳೇ ಅವರಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಮೇಲ್ಮನವಿ ಇರುವಾಗ ಜಾಮೀನು ಕೇಳುವುದು ಅವರ ಹಕ್ಕೇ. ಆದರೆ ಹತ್ತು ವರ್ಷ ಕಾದು, ಎದೆಗಟ್ಟಿ ಮಾಡಿ ಹೆಸರು ಹೇಳಿದವರು ಅವರನ್ನು ಮತ್ತೆ ಅದೇ ಓಣಿಯಲ್ಲಿ ಎದುರುಗೊಳ್ಳಬೇಕಲ್ಲ, ಆ ಬಗ್ಗೆ ಯಾವ ಚಾನೆಲ್ಲಿನಲ್ಲೂ ಚರ್ಚೆ ಕಂಡ ನೆನಪಿಲ್ಲ.

ಸಾಕ್ಷಿಗಳ ರಕ್ಷಣೆಯ ಯೋಜನೆಗೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿಗೆ ಕೊಟ್ಟು, ಅದು ಕಾನೂನಿನಂತೆಯೇ ಜಾರಿಯಾಗಬೇಕೆಂದಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಮು ಪ್ರತಿ ರಾಜ್ಯಕ್ಕೂ ಇದನ್ನು ಕಡ್ಡಾಯ ಮಾಡಿದೆ. ಗಲ್ಲು ಬೇಕೆಂದು ಬರೆಯುವ ಓದುಗರು ಒಂದು ಪತ್ರವನ್ನು ತಮ್ಮ ಶಾಸಕರಿಗೂ ಹಾಕಲಿ: ನಮ್ಮ ಜಿಲ್ಲೆಯಲ್ಲಿ ಈವರೆಗೆ ಎಷ್ಟು ಸಾಕ್ಷಿಗಳಿಗೆ ಈ ರಕ್ಷಣೆ ಸಿಕ್ಕಿದೆ, ಈ ವರ್ಷ ಅದಕ್ಕೆ ಇಟ್ಟ ಹಣ ಎಷ್ಟು? ಬಂದ ಉತ್ತರವನ್ನು ನಮಗೂ ಕಳುಹಿಸಿದರೆ ಅಚ್ಚು ಹಾಕುತ್ತೇವೆ.