ಓಡದ ಕಾರಿಗೆ ಒಡ್ಡೋಲಗ

ಓಡದ ಕಾರು ಬರಿಯ ಕಬ್ಬಿಣ. ಇಷ್ಟು ಸರಳವಾದ ಸಂಗತಿಯನ್ನು ವಾದ ಹೂಡಿ ಸ್ಥಾಪಿಸಬೇಕಾಗಿ ಬಂದಿರುವುದು 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳಿಂದ. 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ‘ವಿಂಟೇಜ್’ ಎಂಬ ಬಿರುದು. ನಂಬರು ಹಲಗೆಯ ಮೇಲೆ ‘ವಿಎ’ ಎಂಬ ಅಕ್ಷರಗಳು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಮೇಲೆ ನವೀಕರಣಕ್ಕೆ 5,000. ಇಷ್ಟೆಲ್ಲ ಮರ್ಯಾದೆ ಮಾಡಿದ ಮೇಲೆ ಒಂದು ಷರತ್ತು: ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಪೆಟ್ರೋಲು, ರಿಪೇರಿ ಇಂಥವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ರಸ್ತೆಗಿಳಿಸಕೂಡದು. ಸಾಹಿತಿಗಳಿಗೆ ಶಾಲು ಹೊದಿಸಿ ಮೂಲೆಯಲ್ಲಿ ಕೂರಿಸುವ ನಮ್ಮ ಪದ್ಧತಿ ಹೀಗೆ ಮೋಟಾರಿಗೂ ವಿಸ್ತರಿಸಿತು.

ನನ್ನ ತಕರಾರು ಸರ್ಕಾರದೊಡನೆ ಎಷ್ಟಿದೆಯೋ ಅದಕ್ಕಿಂತ ಹೆಚ್ಚಾಗಿ ಈ ನಿಯಮಕ್ಕೆ ತಲೆದೂಗಿದ ಹವ್ಯಾಸಿ ಮಹನೀಯರೊಡನೆ. ಅವರ ಕಾರುಗಳು ಲಾರಿಯೇರಿ ಪ್ರದರ್ಶನಕ್ಕೆ ಬರುತ್ತವೆ, ಬಹುಮಾನ ಗೆದ್ದು ಲಾರಿಯ ಮೇಲೆಯೇ ಮರಳುತ್ತವೆ. ರಾಜಮಹಾರಾಜರ ರೋಲ್ಸ್‌ರಾಯ್ಸ್‌ಗೆ ಅದು ಶೋಭಿಸೀತು. ನಾನು ಹೇಳುತ್ತಿರುವುದು ಮುಂಬಯಿಯ ಕುರ್ಲಾದಲ್ಲಿ ತಯಾರಾದ ಫಿಯಟ್ 1100ರ ಮಾತು. ಡಾಕ್ಟರು, ವಕೀಲರು ವರ್ಷಗಟ್ಟಲೆ ಸರದಿ ಕಾದು ಕೊಂಡು, ಮನೆಮಂದಿಯನ್ನೆಲ್ಲ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗಿಬರುತ್ತಿದ್ದ ಕಾರು. ನನ್ನ ಮನೆಯ ಮುಂದಿರುವುದೂ ಅಂಥದೇ ಒಂದು. ಭಾನುವಾರ ಬೆಳಿಗ್ಗೆ ಅದರ ಅಡಿಯಲ್ಲಿ ಮಲಗಿರುವುದು ನಾನು.

ಅದರ 1,089 ಸಿಸಿ ಎಂಜಿನ್ನಿನಲ್ಲಿ ಮುಚ್ಚುಮರೆಯೇನೂ ಇಲ್ಲ. ಬಾನೆಟ್ ಎತ್ತಿದರೆ ಕಾರ್ಬುರೇಟರು, ಡಿಸ್ಟ್ರಿಬ್ಯೂಟರು ಎರಡೂ ಕೈಗೆ ಸಿಗುತ್ತವೆ. ನಾಲ್ಕು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಪಾಯಿಂಟಿನ ಸಂದು ಅಳೆಯುವ ಫೀಲರ್ ಗೇಜು ಇದ್ದರೆ ಅರ್ಧ ರೋಗ ವಾಸಿ. ಇನ್ನರ್ಧಕ್ಕೆ ಶಿವಾಜಿನಗರದ ಗುಜರಿಯೂ, ಟ್ಯಾಪೆಟ್ಟಿನ ಸದ್ದನ್ನು ಕಿವಿಯಿಂದಲೇ ಅಳೆಯಬಲ್ಲ ಮೇಸ್ತ್ರಿಯೂ ಬೇಕು. ಇಂಥ ಕಾರನ್ನು ಆರು ತಿಂಗಳು ನಿಲ್ಲಿಸಿಟ್ಟು ನೋಡಿ: ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲು ಒಣಗಿ ಅಂಟಾಗಿ ಜೆಟ್ಟನ್ನು ಕಟ್ಟುತ್ತದೆ, ಬ್ರೇಕಿನ ಸಿಲಿಂಡರು ತುಕ್ಕಿಗೆ ಹಿಡಿದುಕೊಳ್ಳುತ್ತದೆ, ಬ್ಯಾಟರಿ ಸಾಯುತ್ತದೆ, ಟೈರು ನಿಂತಲ್ಲೇ ಚಪ್ಪಟೆಯಾಗುತ್ತದೆ. ಬಣ್ಣ ಮಾತ್ರ ಫಳಫಳ! ಆದರೆ ಕಾರಿಗಿಂತ ಮೊದಲು ಅಳಿಯುವುದು ಮೇಸ್ತ್ರಿಯ ಆ ಕಿವಿ. ಓಡುವ ಕಾರೇ ಇಲ್ಲದಿದ್ದರೆ ಅವನ ವಿದ್ಯೆಯನ್ನು ಯಾವ ಹುಡುಗ ಕಲಿತಾನು? ಕುಮಾರವ್ಯಾಸ ನಮಗೆ ಉಳಿದದ್ದು ಓಲೆಗರಿಯ ಕಟ್ಟುಗಳಿಂದ ಮಾತ್ರವೆ? ಊರೂರಿನ ಜಗಲಿಯ ಮೇಲೆ ಅವನನ್ನು ಹಾಡಿದ ಗಮಕಿಗಳಿಂದಲೂ ಅಲ್ಲವೆ?

ಹೊಗೆಯ ಮಾತೆತ್ತುವವರನ್ನು ನಾನು ತಳ್ಳಿಹಾಕಲಾರೆ. ಹಳೆಯ ಎಂಜಿನ್ನು ಹೊಸದಕ್ಕಿಂತ ಹೊಲಸು ಗಾಳಿ ಬಿಡುತ್ತದೆ, ನಿಜ. ದಿನವಿಡೀ ದುಡಿಯುತ್ತಿದ್ದ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ನಿವೃತ್ತವಾದದ್ದಕ್ಕೆ ನನ್ನ ಆಕ್ಷೇಪವಿಲ್ಲ. ವಾರಕ್ಕೊಮ್ಮೆ ಹತ್ತು ಮೈಲಿ ಓಡುವ ಕಾರನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ? ಇದನ್ನು ಗುಜರಿಗೆ ಹಾಕಿ ಹೊಸದನ್ನು ತಯಾರಿಸುವಾಗ ಕಾರ್ಖಾನೆಗಳಲ್ಲಿ ಏಳುವ ಹೊಗೆಯನ್ನು ಯಾರ ಲೆಕ್ಕಕ್ಕೆ ಬರೆಯೋಣ?

‘ವಿಂಟೇಜ್ ಬೇಡವಾದರೆ ಸಾಮಾನ್ಯ ನೋಂದಣಿಯಲ್ಲೇ ಇರಿ’ ಎನ್ನುವವರಿದ್ದಾರೆ. ಅಲ್ಲಿಯೂ 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿಯಿಂದ 10,000ಕ್ಕೆ ಏರಿತು. ಸಂಬಳದವನ ಹವ್ಯಾಸಕ್ಕೆ ಒಂದು ಕಡೆ ಸುಂಕ, ಇನ್ನೊಂದು ಕಡೆ ಸರಪಳಿ! ಬಾಡಿಗೆಗೆ ಓಡಿಸುವುದನ್ನು ತಡೆಯಿರಿ, ಹೊಗೆಯನ್ನು ಪರೀಕ್ಷಿಸಿ, ವರ್ಷಕ್ಕೆ ಇಷ್ಟೇ ಮೈಲಿ ಎಂದು ಮೀಟರು ನೋಡಿ ಬರೆದುಕೊಳ್ಳಿ. ಮಕ್ಕಳನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗಿಬರುವುದನ್ನು ಮಾತ್ರ ಅಪರಾಧ ಮಾಡಬೇಡಿ.